ದನಿ ಕೊಟ್ಟ ಮೇಲೆ ದನಿ ಯಾರದು? ಡಬ್ಬಿಂಗ್ ಕಲಾವಿದರ ಕರಾರಿನ ಕುರಿತು ಪ್ರಶ್ನೋತ್ತರ

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷಗಳಿಂದ ಜಾಹೀರಾತುಗಳಿಗೆ, ಕನ್ನಡಕ್ಕೆ ಡಬ್ ಆಗುವ ಧಾರಾವಾಹಿಗಳಿಗೆ ದನಿ ಕೊಡುತ್ತಿದ್ದೇನೆ. ತಿಂಗಳಿಗೆ ಏಳೆಂಟು ಬರುತ್ತಿದ್ದ ಫೋನ್ ಸೂಚನೆಗಳ ರೆಕಾರ್ಡಿಂಗ್ ಕೆಲಸ ಒಂದು ವರ್ಷದಿಂದ ಬಹುತೇಕ ನಿಂತೇ ಹೋಗಿದೆ. ಹೀಗಿರುವಾಗ ಒಂದು ಸ್ಟುಡಿಯೋದವರು ಎರಡು ದಿನಗಳ ರೆಕಾರ್ಡಿಂಗ್‌ಗೆ 30,000 ರೂಪಾಯಿ ಕೊಡುವುದಾಗಿ ಹೇಳಿ ಕರಾರುಪತ್ರ ಕಳಿಸಿದ್ದಾರೆ. ಅದರಲ್ಲಿ "ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ" ಬಳಸುವ ಹಕ್ಕು ಅವರದು ಎಂದು ಬರೆದಿದೆ. ಓದಬೇಕಾದ ಪಠ್ಯದಲ್ಲಿ ಕಥೆಯೂ ಇಲ್ಲ, ಪಾತ್ರವೂ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಸಾವಿರದಷ್ಟು ವಾಕ್ಯಗಳಿವೆ. ಎರಡು ಪುಟಗಳನ್ನು ಲಗತ್ತಿಸಿದ್ದೇನೆ. ಸಹಿ ಹಾಕಬಹುದೇ ಮೇಡಂ?

ಉತ್ತರ: ಈಗಿರುವ ರೂಪದಲ್ಲಿ ಹಾಕಬೇಡಿ. ನೀವು ಕಳಿಸಿದ ಪುಟಗಳಲ್ಲಿ "ನಿಮ್ಮ ಕೋರಿಕೆಯನ್ನು ನೋಂದಾಯಿಸಲಾಗಿದೆ" ಎಂಬ ಒಂದೇ ವಾಕ್ಯವನ್ನು ಸಂತೋಷ, ಬೇಸರ, ಆತುರ ಎಂದು ಮೂರು ಬಗೆಯಲ್ಲಿ ಹೇಳಬೇಕೆಂದಿದೆ. ಒಂದರಿಂದ ನೂರರವರೆಗೆ ಅಂಕಿಗಳಿವೆ. ಣ, ಳ, ಜ್ಞ, ಕ್ಷ ಎಲ್ಲವೂ ಪದದ ಬೇರೆ ಬೇರೆ ಸ್ಥಾನಗಳಲ್ಲಿ ಬರುವಂತೆ ವಾಕ್ಯಗಳನ್ನು ಹೆಣೆದಿದ್ದಾರೆ. ಯಾವ ಧಾರಾವಾಹಿಗೂ ನೀವು "ತೊಂಬತ್ತೇಳು" ಎಂದು ಬಿಡಿಯಾಗಿ ಹೇಳಿ ಕೊಡಬೇಕಾದ ಅಗತ್ಯವಿರುವುದಿಲ್ಲ. ಇದು ನಿಮ್ಮ ದನಿಯಲ್ಲಿ ಮಾತನಾಡುವ ಯಂತ್ರವೊಂದನ್ನು ತಯಾರಿಸಲು ಬೇಕಾದ ಕಚ್ಚಾ ಸಾಮಗ್ರಿ. ಎರಡು ದಿನದ ಕೂಲಿ ಕೊಟ್ಟು, ನೀವು ಮುಂದೆ ಮಾಡಬಹುದಾಗಿದ್ದ ಕೆಲಸವನ್ನೇ ಕೊಂಡುಕೊಳ್ಳುವ ಕರಾರು ಇದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಕ್ಕಿನ ವರ್ಗಾವಣೆಯ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಭಾವಿಸಬೇಕು. ಇದು ಸೆಕ್ಷನ್ 19ರಲ್ಲಿದೆ; ಸೆಕ್ಷನ್ 39ಎ ಮೂಲಕ ಪ್ರದರ್ಶಕರಿಗೂ, ಅಂದರೆ ನಿಮಗೂ, ಅನ್ವಯಿಸುತ್ತದೆ. ಆದರೆ ಕರಾರು ಮೌನವಾಗಿದ್ದಾಗ ಮಾತ್ರ ಕಾನೂನು ನಿಮ್ಮ ಪರವಾಗಿ ಮಾತನಾಡುತ್ತದೆ. "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂಬ ಎರಡು ಪದಗಳಿಗೆ ಸಹಿ ಹಾಕಿದ ದಿನ ಆ ರಕ್ಷಣೆ ಹೋಗುತ್ತದೆ. ಆದ್ದರಿಂದ ಯಾವ ಕಾರ್ಯಕ್ರಮಕ್ಕೆ, ಎಷ್ಟು ವರ್ಷಕ್ಕೆ ಎಂಬುದನ್ನು ಬರೆಸಿ, "ಈ ಧ್ವನಿಮುದ್ರಣವನ್ನು ಕೃತಕ ದನಿ ತಯಾರಿಸಲು ಅಥವಾ ಯಂತ್ರಕ್ಕೆ ಕಲಿಸಲು ಬಳಸತಕ್ಕದ್ದಲ್ಲ" ಎಂಬ ಸಾಲನ್ನು ಸೇರಿಸಿ. ಅವರಿಗೆ ಬೇಕಿರುವುದೇ ಕೃತಕ ದನಿಯಾದರೆ ಹಾಗೆಂದು ಬಾಯಿಬಿಟ್ಟು ಹೇಳಲಿ. ಆಗ ದರ ಬೇರೆ, ಪ್ರತಿ ಬಳಕೆಗೆ ಗೌರವಧನ ಬೇರೆ, ಒಪ್ಪಿಗೆಯನ್ನು ಹಿಂಪಡೆಯುವ ಷರತ್ತು ಬೇರೆ.

ಮರುಪ್ರಶ್ನೆ: ಇಂಥದೇ ಮಾತುಗಳಿರುವ ಕಾಗದಗಳಿಗೆ 2014–15ರಲ್ಲಿ ನಾನು ಸಹಿ ಹಾಕಿದ್ದುಂಟು. ಆ ಹಳೆಯ ರೆಕಾರ್ಡಿಂಗ್‌ಗಳ ಗತಿಯೇನು?

ಉತ್ತರ: ವಿಚಿತ್ರವೆನಿಸಬಹುದು, ಆದರೆ ಹಳೆಯ ಕಾಗದಗಳಲ್ಲಿ ನಿಮ್ಮ ಸ್ಥಿತಿ ಹೊಸದಕ್ಕಿಂತ ಗಟ್ಟಿಯಾಗಿದೆ. 2012ರ ತಿದ್ದುಪಡಿಯಲ್ಲಿ ಸೆಕ್ಷನ್ 18ಕ್ಕೆ ಸೇರಿಸಿದ ಒಂದು ನಿಬಂಧನೆಯ ಪ್ರಕಾರ, ಕರಾರಿನ ವೇಳೆಗೆ ಇರದಿದ್ದ ಅಥವಾ ವಾಣಿಜ್ಯ ಬಳಕೆಗೆ ಬಂದಿರದ ಮಾಧ್ಯಮವನ್ನೋ ಬಳಕೆಯ ವಿಧಾನವನ್ನೋ ನಿರ್ದಿಷ್ಟವಾಗಿ ಹೆಸರಿಸದ ಹೊರತು ವರ್ಗಾವಣೆಯು ಅದಕ್ಕೆ ಅನ್ವಯಿಸುವುದಿಲ್ಲ. ಒಬ್ಬ ಕಲಾವಿದನ ರೆಕಾರ್ಡಿಂಗ್‌ನಿಂದ ಅವನದೇ ದನಿಯನ್ನು ನಕಲು ಮಾಡಿ ಮಾರುವ ವ್ಯಾಪಾರ 2014ರಲ್ಲಿ ಎಲ್ಲಿತ್ತು ಎಂದು ನಾವು ವಾದಿಸಬಹುದು. ಇಂದು ಸಹಿ ಹಾಕುವವರಿಗೆ ಈ ವಾದ ಸಿಗುವುದಿಲ್ಲ, ಏಕೆಂದರೆ ಆ ವ್ಯಾಪಾರ ಈಗ ಕಣ್ಣೆದುರಿಗೇ ನಡೆಯುತ್ತಿದೆ. ಹಳೆಯ ಕರಾರು, ಬಿಲ್ಲು, ಇಮೇಲ್‌ಗಳನ್ನೆಲ್ಲ ಒಂದೆಡೆ ಜೋಡಿಸಿಟ್ಟುಕೊಳ್ಳಿ.

ನ್ಯಾಯಾಲಯಗಳ ಬಗ್ಗೆಯೂ ಒಂದು ಮಾತು. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟು ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ನಕಲು ಮಾಡುವ ಎಐ ಉಪಕರಣಗಳ ವಿರುದ್ಧ ಮಧ್ಯಂತರ ಆದೇಶ ನೀಡಿತು. ಅದು ನಾಡಿಗೆಲ್ಲ ಗೊತ್ತಿರುವ ದನಿ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಅಷ್ಟೇನೂ ಪ್ರಸಿದ್ಧರಲ್ಲದ ಇಬ್ಬರು ಕಂಠದಾನ ಕಲಾವಿದರು ಕೃತಕ ದನಿಯ ಕಂಪನಿಯೊಂದರ ಮೇಲೆ ದಾವೆ ಹೂಡಿದರು. 2025ರಲ್ಲಿ ಅಲ್ಲಿನ ನ್ಯಾಯಾಲಯ ಕೃತಿಸ್ವಾಮ್ಯದ ಬಹುಪಾಲು ವಾದಗಳನ್ನು ತಳ್ಳಿಹಾಕಿದರೂ, ಒಪ್ಪಿಗೆಯಿಲ್ಲದೆ ಒಬ್ಬರ ದನಿಯನ್ನು ವ್ಯಾಪಾರಕ್ಕೆ ಬಳಸುವುದನ್ನು ತಡೆಯುವ ನ್ಯೂಯಾರ್ಕ್ ರಾಜ್ಯದ ನಾಗರಿಕ ಹಕ್ಕುಗಳ ಕಾನೂನಿನಡಿ ದಾವೆ ಮುಂದುವರಿಯಲು ಬಿಟ್ಟಿತು. ನಮ್ಮಲ್ಲಿ ಅಂಥ ನೇರ ಕಾನೂನು ಇಲ್ಲದಿರುವುದರಿಂದ ಹೆಸರಿಲ್ಲದ ದನಿಗೆ ಕಾಗದವೇ ಆಸರೆ.

ಇನ್ನೊಬ್ಬ ಕಲಾವಿದರ ಪ್ರಶ್ನೆ: ಷರತ್ತು ಹಾಕಿದರೆ ಸ್ಟುಡಿಯೋದವರು ಬೇರೆಯವರನ್ನು ಕರೆಯುತ್ತಾರೆ. ಕೆಲಸವೇ ಇಲ್ಲದ ಮೇಲೆ ಹಕ್ಕು ಇಟ್ಟುಕೊಂಡು ಏನು ಮಾಡುವುದು?

ಉತ್ತರ: ಈ ಪ್ರಶ್ನೆಗೆ ವಕೀಲಳಾಗಿ ನನ್ನಲ್ಲಿ ಅರ್ಧ ಉತ್ತರವಷ್ಟೇ ಇದೆ. ಫೋನ್ ಸೂಚನೆ, ತರಬೇತಿ ವಿಡಿಯೋಗಳಂಥ ಕೆಲಸ ಮರಳಿ ಬರುವುದೆಂದು ನಾನು ಭರವಸೆ ಕೊಡಲಾರೆ. ಜಾಹೀರಾತಿನ ಸ್ಕ್ರ್ಯಾಚ್ ಟ್ರ್ಯಾಕಿಗೆ, ಅಂದರೆ ಅಂತಿಮ ದನಿಗೆ ಮುನ್ನ ಮಾಡಿಕೊಳ್ಳುವ ಕಚ್ಚಾ ರೆಕಾರ್ಡಿಂಗ್‌ಗೆ, ಮೊದಲು ಹೊಸಬರನ್ನು ಕರೆಯುತ್ತಿದ್ದರು. ನನ್ನ ಬಳಿ ಬರುವ ಕಲಾವಿದರು ಹೇಳುವಂತೆ ಈಗ ಅದನ್ನೂ ಯಂತ್ರದಲ್ಲೇ ಮುಗಿಸುತ್ತಾರೆ. ಹಾಗಾದರೆ ಹೊಸಬರು ಕಲಿಯುವುದೆಲ್ಲಿ ಎಂಬ ಚಿಂತೆ ನನಗೂ ಇದೆ. ಆದರೆ "ಬೇರೆಯವರನ್ನು ಕರೆಯುತ್ತಾರೆ" ಎಂಬ ಭಯಕ್ಕೆ ಒಬ್ಬೊಬ್ಬರಾಗಿ ಉತ್ತರವಿಲ್ಲ. ಹಾಲಿವುಡ್ ನಟರ ಸಂಘ 2023ರಲ್ಲಿ 118 ದಿನ ಮುಷ್ಕರ ಹೂಡಿ ಪಡೆದ ಒಪ್ಪಂದದಲ್ಲಿ ಡಿಜಿಟಲ್ ಪ್ರತಿರೂಪಕ್ಕೆ ಕಲಾವಿದರ ಒಪ್ಪಿಗೆ ಹಾಗೂ ಸಂಭಾವನೆ ಎರಡೂ ಸೇರಿದವು. ನಿಮ್ಮಲ್ಲಿ ಹತ್ತು ಮಂದಿ ಒಂದೇ ಷರತ್ತನ್ನು ಒಂದೇ ಮಾತಿನಲ್ಲಿ ಕೇಳುವುದಾದರೆ ಅದರ ಕರಡನ್ನು ಶುಲ್ಕವಿಲ್ಲದೆ ಬರೆದುಕೊಡುತ್ತೇನೆ.

ಮೊದಲ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಸೂಚನೆ: ಕರಾರಿನ ಮಾತು ಮುಗಿಯುವ ಮುನ್ನ "ಸ್ಯಾಂಪಲ್ ಕಳಿಸಿ" ಎಂದರೆ ಹಿನ್ನೆಲೆ ಸಂಗೀತವಿರುವ ಹಳೆಯ ಜಾಹೀರಾತಿನ ತುಣುಕನ್ನಷ್ಟೇ ಕಳಿಸಿ. ದನಿಯ ನಕಲಿಗೆ ಕೆಲವು ನಿಮಿಷಗಳ ಶುಭ್ರ ರೆಕಾರ್ಡಿಂಗ್ ಸಾಕಾಗುತ್ತದೆ.