ತಂಗಿ ಮದುವೆ, ಹೂವಿಗೆ 40 ಸಾವಿರ: ಮಾಡಿದವರು ದಯವಿಟ್ಟು ಹೇಳಿ

ಮಾಘ ಮಾಸದಲ್ಲಿ ತಂಗಿ ಮದುವೆ, ಬೆಂಗಳೂರಿನ ವಿಜಯನಗರದ ಒಂದು ಛತ್ರದಲ್ಲಿ. ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಏಳೂವರೆಗೆ ಮುಹೂರ್ತ. ಹೂವಿಗೆ ಅಂತ ಎತ್ತಿಟ್ಟಿರೋದು 40 ಸಾವಿರ. ಅಲಂಕಾರದವರು 1.2 ಲಕ್ಷ ಕೇಳ್ತಿದಾರೆ. ಅಪ್ಪ ಇಲ್ಲ, ಎಲ್ಲಾ ನಾನೇ ನೋಡ್ಕೋಬೇಕು. ಅವಳಿಗೆ ಬೇಜಾರಾಗದ ಹಾಗೆ ಮಾಡೋದು ಹೇಗೆ?

ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವಳು, ಬಸವನಗುಡಿ:

ಧೈರ್ಯವಾಗಿರಪ್ಪಾ, 40 ಸಾವಿರದಲ್ಲಿ ಆಗುತ್ತೆ. ಮೊದಲು ಆ 1.2 ಲಕ್ಷದ ಲೆಕ್ಕ ಬಿಡಿಸಿ ಕೇಳು. ಒಂದೇ ವೇದಿಕೆಗೆ ಸಂಜೆ ಒಂದು ಅಲಂಕಾರ, ಬೆಳಗ್ಗೆ ಇನ್ನೊಂದು ಅಂತ ಹಾಕಿರ್ತಾರೆ. ಹಿಂದಿನ ಪರದೆ, ದೀಪ ಎರಡಕ್ಕೂ ಒಂದೇ ಇರಲಿ. ಬೆಳಗ್ಗೆ ಮಂಟಪದ ನಾಲ್ಕು ಕಂಬಕ್ಕೆ ಮಾತ್ರ ಹೊಸ ಹೂವು ಸಾಕು.

ದೊಡ್ಡ ಮಗಳ ಮದುವೇಲಿ ನಾವೂ ಎಲ್ಲಾ ಅವರ ಕೈಗೇ ಕೊಟ್ಟಿದ್ವಿ. ಬೆಳಗ್ಗೆ ಹೊಸ ಹೂವು ಅಂತಲೇ ದುಡ್ಡು ತಗೊಂಡಿದ್ರು. ಐದು ಗಂಟೆಗೆ ಹೋಗಿ ಚೆಂಡುಹೂವಿನ ಮಾಲೆ ಮುಟ್ಟಿದೆ, ಎಸಳು ಕೈಯಲ್ಲೇ ಉದುರಿ ಬಂತು. ರಾತ್ರಿಯ ಹೂವಿಗೇ ನೀರು ಚಿಮುಕಿಸಿ ಬಿಟ್ಟಿದ್ರು. ತೊಟ್ಟಿನ ಹತ್ತಿರ ಕೊಳೆತ ವಾಸನೆ. ಮುಹೂರ್ತದ ಹೊತ್ತಲ್ಲಿ ಜಗಳ ಆಡೋಕಾಗುತ್ತಾ? ನುಂಗಿಕೊಂಡೆ. ಇವತ್ತಿಗೂ ಆ ಫೋಟೋ ನೋಡಿದರೆ ಹೊಟ್ಟೆ ಉರಿಯುತ್ತೆ.

ಚಿಕ್ಕವಳಿಗೆ ನಾವೇ ಮಾಡಿದ್ವಿ. ಕೆ.ಆರ್. ಮಾರ್ಕೆಟ್‌ಗೆ ಹಿಂದಿನ ದಿನ ಬೆಳಗಿನ ಜಾವ ನಾಲ್ಕಕ್ಕೆ ಹೋದ್ವಿ. ಚೀಲದ ಮೇಲಿನ ಹೂವು ನೋಡಿ ಮೋಸ ಹೋಗಬೇಡ, ಕೈ ಒಳಗೆ ತೂರಿಸು. ಒಳಗೆ ಬಿಸಿ ತಾಗಿದ್ರೆ ತುಂಬಿಟ್ಟು ಹೊತ್ತಾಗಿದೆ ಅಂತ, ಮುಂದಿನ ಅಂಗಡಿಗೆ ಹೋಗು. ಇನ್ನೊಂದು, ಮಾರು ಅನ್ನೋದು ಮಾರುವವರ ಕೈ ಅಳತೆ, ಒಬ್ಬೊಬ್ಬರದು ಒಂದೊಂದು. ಬಿಡಿ ಹೂವನ್ನು ಕೆಜಿ ಲೆಕ್ಕದಲ್ಲಿ ತಗೊಂಡು ಮನೇಲಿ ಪೋಣಿಸಿ. ನಮ್ಮ ಮನೇಲಿ ಅತ್ತಿಗೆ, ನಾದಿನಿ, ಪಕ್ಕದ ಮನೆಯವರು ಎಲ್ಲಾ ಸೇರಿ ಮಧ್ಯಾಹ್ನವೆಲ್ಲಾ ಕೂತಿದ್ವಿ. ಚೆಂಡುಹೂವನ್ನ ಒದ್ದೆ ಮಾಡಬೇಡಿ, ಎಸಳಿನ ನಡುವೆ ನೀರು ನಿಂತರೆ ಬೇಗ ಕೊಳೆಯುತ್ತೆ. ಬಿದಿರು ಬುಟ್ಟಿಗೆ ಬಾಳೆಎಲೆ ಹಾಸಿ, ಮೇಲೊಂದು ಎಲೆ ಮುಚ್ಚಿ ನೆರಳಲ್ಲಿಡಿ. ಪ್ಲಾಸ್ಟಿಕ್ ಕವರಲ್ಲಿ ಬಿಗಿದು ಇಡಲೇಬೇಡಿ.

ಯಾವ ಹೂವು ಅನ್ನೋದನ್ನ ಫೋಟೋ ನೋಡಿ ತೀರ್ಮಾನ ಮಾಡಬೇಡ, ತಿಂಗಳು ನೋಡು. ಮಾಘ ಅಂದ್ರೆ ಚಳಿ, ಮಲ್ಲಿಗೆ ಇಳುವರಿ ಕಡಿಮೆ, ಬೆಲೆ ಮುಟ್ಟೋ ಹಾಗಿರಲ್ಲ. ಸೇವಂತಿಗೆ, ಚೆಂಡುಹೂವು ಮಾತ್ರ ಆಗ ಚೆನ್ನಾಗಿ ಬರುತ್ತೆ. ಮಂಟಪಕ್ಕೆ ಅವೆರಡೇ ಸಾಕು, ಮಿಕ್ಕಿದ್ದು ಬಾಳೆಕಂದು, ಮಾವಿನ ಎಲೆ, ತೆಂಗಿನ ಗರಿ. ಹಸಿರು ಜಾಸ್ತಿ ಇದ್ದಷ್ಟೂ ಮಂಟಪ ತಣ್ಣಗೆ ಕಾಣುತ್ತೆ, ನನಗಂತೂ ಪೂರ್ತಿ ಹೂವು ಮೆತ್ತಿದ್ದಕ್ಕಿಂತ ಅದೇ ಇಷ್ಟ. ಮಲ್ಲಿಗೆ ತಂಗಿಗೆ, ಅಮ್ಮನಿಗೆ, ಬೀಗಿತ್ತಿಗೆ ಇರಲಿ. ಬಾಗಿಲಲ್ಲಿ ಅರಿಶಿನ ಕುಂಕುಮದ ಜೊತೆ ಕೊಡೋಕೆ ಮಲ್ಲಿಗೆ ಥರದ್ದೇ ಕಾಕಡ ಹೂವು ತಗೊಂಡು, ನಡುನಡುವೆ ಮರುಗ ಸೇರಿಸಿ ಕಟ್ಟಿಸು. ಕಾಕಡಕ್ಕೆ ಇಲ್ಲದ ಘಮ ಮರುಗದಿಂದ ಬರುತ್ತೆ.

ಇಲ್ಲೆಲ್ಲಾ ಉಳಿಸಿದ್ದನ್ನ ಹಾರಕ್ಕೆ ಹಾಕು. ಹೆಣ್ಣುಗಂಡಿನ ಕೊರಳಲ್ಲಿರೋದು, ಎಲ್ಲರ ಕಣ್ಣೂ ಹೋಗೋದು ಅಲ್ಲಿಗೇ. ದೇವಸ್ಥಾನದ ಹತ್ತಿರ ಹೂ ಕಟ್ಟುವವರಿಗೆ ವಾರ ಮುಂಚೆ ಮುಂಗಡ ಕೊಟ್ಟು ಹೇಳು. ಸುಗಂಧರಾಜ, ಕೆಂಪು ರೋಜಾ ಸಾಕು. ಕತ್ತಿನ ಹತ್ತಿರ ಜರಿ ಪಟ್ಟಿ ಬೇಡ ಅಂತ ಬಾಯಿಬಿಟ್ಟು ಹೇಳಬೇಕು. ದೊಡ್ಡವಳಿಗೆ ಅದು ಚುಚ್ಚಿ ಕತ್ತೆಲ್ಲಾ ಕೆಂಪಾಗಿತ್ತು.

ತೋಟದ ಮನೆಯವರು, ಶಿರಸಿ ಕಡೆ:

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ನಮ್ಮಲ್ಲಿ ಮಂಟಪಕ್ಕೆ ಹಿಂಗಾರ, ಅಂದರೆ ಅಡಿಕೆ ಮರದ ಹೂಗೊಂಚಲು, ಇದ್ದೇ ಇರ್ತದೆ. ಹಾಳೆ ಬಿಚ್ಚದ ಹಿಂಗಾರ ತಂದು ಇಟ್ಟುಕೊಳ್ಳಿ, ಮುಹೂರ್ತದ ಬೆಳಿಗ್ಗೆ ಹಾಳೆ ಸೀಳಿ. ಒಳಗಿಂದ ಅಕ್ಕಿ ಪೋಣಿಸಿದ ಹಾಗೆ ಎಳೆಎಳೆಯಾಗಿ, ಕೆನೆ ಬಣ್ಣದಲ್ಲಿ ಹೊರಗೆ ಬರ್ತದೆ, ಒಂದು ಎಳೆಯೂ ಬಾಡಿರುವುದಿಲ್ಲ. ಕಂಬಕ್ಕೊಂದು ಕಟ್ಟಿದರೆ ಬೇರೆ ಹೂವೇ ಬೇಡ. ಆದರೆ ಊರಿನ ನೆಂಟರ ತೋಟ ಅಂತ ಹತ್ತಿಪ್ಪತ್ತು ಕೇಳಬೇಡಿ. ಒಂದು ಹಿಂಗಾರ ಕೊಯ್ದರೆ ಒಂದು ಕೊನೆ ಅಡಿಕೆ ಹೋದ ಹಾಗೆ. ನಾಲ್ಕು ತಗೊಂಡು, ಅದರ ಬೆಲೆ ಕೊಟ್ಟು ಬನ್ನಿ.

ಹಾವೇರಿಯಿಂದ:

ಆರತಕ್ಷತೆಗೆ ನಮ್ಮೂರಿನ ಏಲಕ್ಕಿ ಹಾರ ಹಾಕ್ರಿ. ಬಾಡೂದಿಲ್ಲ, ಮದುವಿ ಆದಮ್ಯಾಲೆ ಮನ್ಯಾಗ ಫೋಟೋಕ್ಕ ಹಾಕಿ ವರ್ಷಗಟ್ಟಲೆ ಇಡಬಹುದು. ಒಂದು ಜೋಡಿ ಹೂವಿನ ಹಾರದ ಖರ್ಚು ಉಳೀತದ. ತಿಂಗಳ ಮೊದಲ ಹೇಳ್ರಿ, ಕೈಯಾಗ ಮಾಡೂ ಕೆಲಸ ಅದು.

ಕೇಳಿದವನು:

ಎಲ್ಲರಿಗೂ ಕೈಮುಗೀತೀನಿ. ತಂಗಿ ಒಂದೇ ಒಂದು ಆಸೆ ಹೇಳಿದಾಳೆ, ಮೊಗ್ಗಿನ ಜಡೆ. ಮಲ್ಲಿಗೆ ದುಬಾರಿ ಅಂತೀರಲ್ಲ ಅಮ್ಮಾ, ಆ ಆಸೆ ಬಿಡಿಸಬೇಕಾ?

ಬಸವನಗುಡಿಯಿಂದ:

ಬೇಡಪ್ಪಾ, ಬಿಡಿಸಬೇಡ. ಅದಕ್ಕೇ ಅಲ್ವಾ ಇಷ್ಟೆಲ್ಲಾ ಉಳಿಸ್ತಿರೋದು. ಜಡೆ ಪೂರ್ತಿ ಮಲ್ಲಿಗೆ ಮೊಗ್ಗೇ ಆಗಬೇಕು ಅಂತೇನಿಲ್ಲ, ಕಾಕಡದ ಮೊಗ್ಗಲ್ಲಿ ಹೊಲಿಸಿ ಅಂಚಿಗೆ ಕನಕಾಂಬರ, ಕೆಳಗೆ ಕುಚ್ಚಿನ ಹತ್ತಿರ ಮಲ್ಲಿಗೆ ಹಾಕಿಸು. ಕಾಕಡ ಬೇಗ ಬಿರಿಯಲ್ಲ, ಫೋಟೋದಲ್ಲೂ ಮೊಗ್ಗಾಗೇ ಕಾಣುತ್ತೆ. ಹೊಲಿದದ್ದನ್ನ ಒದ್ದೆ ಬಟ್ಟೇಲಿ ಸುತ್ತಿ ಇಡೋಕೆ ಹೇಳು. ಜಡೆ ಹಾಕೋರು ಛತ್ರಕ್ಕೆ ಐದಕ್ಕೆ ಬರಲಿ, ಆರಕ್ಕೆ ಬಂದರೆ ಮುಹೂರ್ತಕ್ಕೆ ಮುಗಿಯಲ್ಲ. ಹೂ ಕಟ್ಟೋಕೆ ಜನ ಸಾಲದಿದ್ರೆ ಹೇಳು, ನಾನೂ ನಮ್ಮ ನಾದಿನಿಯೂ ಬರ್ತೀವಿ. ವಿಜಯನಗರ ನಮಗೇನು ದೂರ ಇಲ್ಲ.