ಆಸಿಯಾನ್ ದೇಶಕ್ಕೆ ಮೊದಲ ಸಲ ಮಾಲು ಕಳಿಸುತ್ತಿದ್ದೇವೆ, ಗೊತ್ತಿದ್ದವರು ಅನುಭವ ಹೇಳಿ

ಕೇಳಿದವರು: ಪೀಣ್ಯದಿಂದ

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಸ್ಟೇನ್‌ಲೆಸ್ ಸ್ಟೀಲ್ ಪೈಪ್ ಫಿಟ್ಟಿಂಗ್ ಮಾಡುತ್ತೇವೆ. ಎಲ್ಬೋ, ಸಾಕೆಟ್ ಥರದ್ದು. ಇಲ್ಲಿವರೆಗೂ ಪುಣೆ, ಕೊಯಮತ್ತೂರು ದಾಟಿ ಆಚೆ ಕಳಿಸಿಲ್ಲ. ಈಗ ಮಲೇಷ್ಯಾದವರೊಬ್ಬರು ಆರ್ಡರ್ ಕೊಡಲು ತಯಾರಿದ್ದಾರೆ. ಆದರೆ ಮಾಲು ಭಾರತದ್ದೇ ಎಂದು ತೋರಿಸುವ ಸರ್ಟಿಫಿಕೇಟ್, ‘ಫಾರಂ ಎಐ’, ಬೇಕೇ ಬೇಕಂತೆ. ಮಾಲು ಮಲೇಷ್ಯಾದ ಪೋರ್ಟ್ ಕ್ಲಾಂಗ್ ಬಂದರಿಗೆ, ಬಿಲ್ ಮಾತ್ರ ಅವರ ಸಿಂಗಪುರ ಆಫೀಸಿಗೆ. ನಾವು ಬಳಸುವ ಸ್ಟೀಲ್ ಬಾರ್ ಒಂದಷ್ಟು ಕೊರಿಯಾದ್ದು. ಭಾರತ ಮತ್ತು ಆಸಿಯಾನ್ (ಮಲೇಷ್ಯಾ, ಸಿಂಗಪುರ ಥರದ ಆಗ್ನೇಯ ಏಷ್ಯಾ ದೇಶಗಳ ಕೂಟ) ಮಧ್ಯೆ ಒಪ್ಪಂದ ಇದೆ, ಸುಂಕ ಇಲ್ಲ ಎಂದು ಪೇಪರ್‌ನಲ್ಲಿ ಓದಿದ್ದು ಬಿಟ್ಟರೆ ನನಗೆ ಏನೂ ತಿಳಿಯದು. ಎಲ್ಲಿಂದ ಶುರು ಮಾಡಲಿ?

ಜಿಗಣಿಯಿಂದ, ಇಂಜಿನಿಯರಿಂಗ್ ಮಾಲು ರಫ್ತು ಮಾಡುವವರು

ಸರ್, ಮೊದಲು ಆಸಿಯಾನ್ ಅನ್ನುವ ಹೆಸರನ್ನೇ ಪಕ್ಕಕ್ಕಿಡಿ. ಒಪ್ಪಂದ ಒಂದೇ, ಸುಂಕದ ಪಟ್ಟಿ ಮಾತ್ರ ಒಂದೊಂದು ದೇಶಕ್ಕೂ ಬೇರೆ ಬೇರೆ. ನಿಮಗೆ ಬೇಕಾಗಿರುವುದು ಮಲೇಷ್ಯಾದ ಪಟ್ಟಿ, ಅದರಲ್ಲೂ ನಿಮ್ಮ ಎಚ್‌ಎಸ್ ಕೋಡ್ (ಯಾವ ಬಗೆಯ ಮಾಲು ಎಂದು ಕಸ್ಟಮ್ಸ್ ಗುರುತಿಸುವ ಸಂಖ್ಯೆ) ಇರುವ ಆ ಒಂದು ಸಾಲು. ಒಪ್ಪಂದ ಇಲ್ಲದವರಿಗೂ ಇರುವ ಸಾಮಾನ್ಯ ದರವೇ ಸೊನ್ನೆ ಇದ್ದರೆ ಈ ಕಾಗದದಿಂದ ಸುಂಕದ ಲಾಭ ಏನೂ ಇಲ್ಲ. ಸಿಂಗಪುರಕ್ಕೆ ಮಾಲು ಹೋಗುವಾಗ ಹೆಚ್ಚುಕಡಿಮೆ ಹೀಗೇ. ಮದ್ಯ, ತಂಬಾಕು, ವಾಹನ, ಪೆಟ್ರೋಲಿಯಂ ಬಿಟ್ಟರೆ ಅವರು ಯಾರಿಗೂ ಸುಂಕ ಹಾಕುವುದಿಲ್ಲ. ಸುಮ್ನೆ ಫಾರಂ ಮಾಡಿಸಿ ಕಳಿಸುವವರನ್ನು ನೋಡಿದ್ದೇನೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಮಲೇಷ್ಯಾ ಜೊತೆ ನಮಗೆ ಎರಡು ಒಪ್ಪಂದ ಇವೆ. ಆಸಿಯಾನ್‌ನದು 2010ರ ಜನವರಿಯಿಂದ ಜಾರಿಯಲ್ಲಿದೆ, ಮಲೇಷ್ಯಾ ಜೊತೆಗೇ ಮಾಡಿಕೊಂಡ ಪ್ರತ್ಯೇಕ ಒಪ್ಪಂದ 2011ರ ಜುಲೈಯಿಂದ. ಎರಡರ ದರವನ್ನೂ ನೋಡಿ, ಕಡಿಮೆ ಇರುವುದನ್ನು ಹಿಡಿಯಿರಿ. ಸರ್ಟಿಫಿಕೇಟಿನ ನಮೂನೆ ಬೇರೆ, ಅಷ್ಟೇ. ಗಿರಾಕಿ ಫಾರಂ ಎಐ ಕೇಳಿದ ಮಾತ್ರಕ್ಕೆ ಅವರು ಎರಡನ್ನೂ ಹೋಲಿಸಿ ನೋಡಿದ್ದಾರೆ ಅಂತಲ್ಲ.

ಕೊರಿಯಾ ಬಾರ್ ಬಗ್ಗೆ ಹೆದರಬೇಡಿ. ಆಸಿಯಾನ್ ಒಪ್ಪಂದದಲ್ಲಿ ಹೊರಗಿನ ಕಚ್ಚಾವಸ್ತು ಬಳಸಿದ ಮಾಲಿಗೆ ಎರಡು ಪರೀಕ್ಷೆ. ಎಫ್‌ಒಬಿ ಬೆಲೆಯಲ್ಲಿ (ಇಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ) ಕನಿಷ್ಠ ಶೇ 35 ಇಲ್ಲಿನದ್ದಾಗಿರಬೇಕು. ಜೊತೆಗೆ ಹೊರಗಿನಿಂದ ಬಂದ ಕಚ್ಚಾವಸ್ತುವಿನ ಎಚ್‌ಎಸ್ ಕೋಡಿಗೂ ತಯಾರಾದ ಮಾಲಿನ ಕೋಡಿಗೂ ಆರು ಅಂಕಿಯ ಮಟ್ಟದಲ್ಲಿ ವ್ಯತ್ಯಾಸ ಇರಬೇಕು. ಉದಾಹರಣೆಗೆ ಎಫ್‌ಒಬಿ 100 ರೂಪಾಯಿ, ಅದರಲ್ಲಿ ಕೊರಿಯಾ ಬಾರ್ 45 ಎಂದಿಟ್ಟುಕೊಳ್ಳಿ. ಉಳಿದ 55 ನಿಮ್ಮ ಲೆಕ್ಕಕ್ಕೆ ಬರುತ್ತದೆ, 35 ಆರಾಮಾಗಿ ದಾಟಿತು. ಸ್ಟೇನ್‌ಲೆಸ್ ಬಾರ್ 7222ರಲ್ಲಿ ಬರುತ್ತದೆ, ಫಿಟ್ಟಿಂಗ್ 7307ರಲ್ಲಿ. ಕೋಡೂ ಬದಲಾಯಿತು. ಆದರೆ ಹೊರಗಿನಿಂದ ರೆಡಿ ಎಲ್ಬೋ ತಂದು ಪಾಲಿಶ್ ಮಾಡಿ ಡಬ್ಬಿಗೆ ಹಾಕಿದರೆ ನಡೆಯುವುದಿಲ್ಲ. ಲಾಭಾಂಶ, ಕೂಲಿ, ಕರೆಂಟು, ಬಾರ್ ಖರೀದಿ ಬಿಲ್ ಎಲ್ಲ ಇರುವ ಒಂದು ಕಾಸ್ಟ್ ಶೀಟ್ ಈಗಲೇ ಮಾಡಿಟ್ಟುಕೊಳ್ಳಿ. ಅರ್ಜಿ ಹಾಕುವಾಗ ಕೇಳುತ್ತಾರೆ.

ನಿಜವಾದ ತಲೆನೋವು ಎಚ್‌ಎಸ್ ಕೋಡ್. ನಿಮ್ಮ ಎಲ್ಬೋ 7307.22 ಎಂದು ನೀವು ಹಾಕಿರುತ್ತೀರಿ. ಅದು ವಾಲ್ವ್ ಜೋಡಣೆಗೆ ಹೋಗುವುದು ಅಂತ ಅಲ್ಲಿನ ಏಜೆಂಟ್ 8481.90 ಎಂದು ಡಿಕ್ಲೇರ್ ಮಾಡಿದರೆ ಮುಗಿಯಿತು, ಫಾರಂ ಒಂದು ಹೇಳುತ್ತದೆ, ಅವರ ಎಂಟ್ರಿ ಇನ್ನೊಂದು. ಆರ್ಡರ್ ಪಕ್ಕಾ ಆಗುವ ಮೊದಲೇ ಅವರು ಯಾವ ಕೋಡ್ ಹಾಕುತ್ತಾರೆ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ವೈಟ್‌ಫೀಲ್ಡ್‌ನಿಂದ, ಕ್ಲಿಯರಿಂಗ್ ಏಜೆಂಟ್

ಮೇಲಿನವರು ಹೇಳಿದ್ದು ಸರಿ. ಬಿಲ್ ವಿಷಯ ನಾನು ಹೇಳುತ್ತೇನೆ. ಮಾಲು ಮಲೇಷ್ಯಾಕ್ಕೆ, ಬಿಲ್ ಸಿಂಗಪುರಕ್ಕೆ ಎನ್ನುವುದಕ್ಕೆ ನಿಯಮದಲ್ಲೇ ಅವಕಾಶ ಇದೆ. ಫಾರಂ ಎಐನಲ್ಲಿ ‘ಥರ್ಡ್ ಕಂಟ್ರಿ ಇನ್ವಾಯ್ಸಿಂಗ್’ ಎಂಬ ಚೌಕ ಇರುತ್ತದೆ, ಅದಕ್ಕೆ ಟಿಕ್ ಬೀಳಬೇಕು. ಬಿಟ್ಟುಹೋದರೆ ಪೋರ್ಟ್ ಕ್ಲಾಂಗ್‌ನಲ್ಲಿ ಪ್ರಶ್ನೆ ಏಳುತ್ತದೆ.

ಅರ್ಜಿ ಡಿಜಿಎಫ್‌ಟಿಯ (ಕೇಂದ್ರದ ವಿದೇಶ ವ್ಯಾಪಾರ ಇಲಾಖೆ) ಆನ್‌ಲೈನ್ ವ್ಯವಸ್ಥೆಯಲ್ಲೇ. ಐಇಸಿ, ಅಂದರೆ ಆಮದು-ರಫ್ತು ನೋಂದಣಿ ಸಂಖ್ಯೆ, ಇಲ್ಲದೆ ಮುಂದೆ ಹೋಗಲು ಆಗುವುದಿಲ್ಲ, ಇಲ್ಲದಿದ್ದರೆ ಇವತ್ತೇ ಮಾಡಿಸಿ. ಮಾಲು ಹೊರಟ ಸಮಯದಲ್ಲೇ ಸರ್ಟಿಫಿಕೇಟ್ ಪಡೆಯುವುದು ಒಳ್ಳೆಯದು. ತಡವಾದರೆ ಹಿಂದಿನ ದಿನಾಂಕದ ಸಾಗಣೆಗೂ 12 ತಿಂಗಳೊಳಗೆ ಕೊಡುತ್ತಾರೆ, ಆದರೆ ಹಾಗೆಂದು ಅದರ ಮೇಲೇ ಮುದ್ರೆ ಬೀಳುತ್ತದೆ, ಆ ಕಡೆಯವರು ಇನ್ನೊಂದು ಸಲ ತಿರುಗಿಸಿ ನೋಡುತ್ತಾರೆ.

ಇಲ್ಲಿಂದ ಕಂಟೈನರ್ ರೈಲಿನಲ್ಲಿ ಚೆನ್ನೈಗೆ ಹೋಗುತ್ತದೆ. ಹಡಗು ಕೊಲಂಬೊದಲ್ಲಿ ಬದಲಾಗುತ್ತದಾ ಕೇಳಿ. ಬದಲಾದರೂ ತೊಂದರೆ ಇಲ್ಲ, ಆದರೆ ಚೆನ್ನೈಯಿಂದ ಪೋರ್ಟ್ ಕ್ಲಾಂಗ್‌ವರೆಗೆ ಒಂದೇ ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸಾಗಣೆ ಪತ್ರ) ಇರಬೇಕು.

ಹೊಸೂರು ರಸ್ತೆಯಿಂದ, ಬಿಡಿಭಾಗ ಆಮದು ಮಾಡುವವರು

ನಾನು ಉಲ್ಟಾ ಕಡೆಯವನು, ಥಾಯ್ಲೆಂಡಿನಿಂದ ತರಿಸುತ್ತೇನೆ. ಸರ್ಟಿಫಿಕೇಟ್ ತೋರಿಸಿದರೆ ಸಾಕು ಎನ್ನುವ ಕಾಲ 2020ರ ಸೆಪ್ಟೆಂಬರ್‌ಗೇ ಹೋಯಿತು. ನಮ್ಮ ಕಸ್ಟಮ್ಸ್‌ನ ‘ಕರೋಟಾರ್’ ನಿಯಮ ಬಂದ ಮೇಲೆ, ಮಾಲು ಅಲ್ಲಿ ಹೇಗೆ ತಯಾರಾಯಿತು ಎಂಬ ಮಾಹಿತಿ ಆಮದುದಾರನ ಕೈಯಲ್ಲೇ ಇರಬೇಕು, ಐದು ವರ್ಷ ಇಟ್ಟುಕೊಳ್ಳಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನದೊಳಗೆ ಕೊಡಬೇಕು. ಮಾಲು ಕಳಿಸುವವರು ಕಾಸ್ಟಿಂಗ್ ಯಾಕೆ ತೋರಿಸಬೇಕು ಅನ್ನುತ್ತಾರೆ, ನಾವು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತೇವೆ.

ಸಕಲೇಶಪುರದಿಂದ, ಕಾಫಿ ಮತ್ತು ಮೆಣಸು ಬೆಳೆಗಾರರು

ರಫ್ತುದಾರರ ಮಾತೆಲ್ಲ ಚೆನ್ನಾಗಿದೆ. ನಮ್ಮದೂ ಸ್ವಲ್ಪ ಕೇಳಿ. ಇದೇ ಒಪ್ಪಂದದಲ್ಲಿ ಕಾಫಿ, ಕಪ್ಪು ಚಹಾ, ಕಾಳುಮೆಣಸು, ತಾಳೆ ಎಣ್ಣೆಯನ್ನು ‘ವಿಶೇಷ’ ಪಟ್ಟಿಗೆ ಹಾಕಿ ಸುಂಕವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಮೆಣಸಿಗೆ 2019ರ ಹೊತ್ತಿಗೆ ಶೇ 50. ಐವತ್ತು ಕಮ್ಮಿ ಏನಲ್ಲ ಅನ್ನಬಹುದು. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ವಿಯೆಟ್ನಾಂ ಅದೇ ಆಸಿಯಾನ್‌ನಲ್ಲಿ ಇದೆ. ಅದು ಸಾಲದು ಎಂದು ವಿಯೆಟ್ನಾಂ ಮೆಣಸು ಶ್ರೀಲಂಕಾದ ಸರ್ಟಿಫಿಕೇಟ್ ಹಿಡಿದು ಬರುತ್ತಿದೆ ಎಂದು ಬೆಳೆಗಾರರು ಗಲಾಟೆ ಮಾಡಿದರು. ಶ್ರೀಲಂಕಾ ಆಸಿಯಾನ್‌ನಲ್ಲಿಲ್ಲ, ಅದರ ಜೊತೆ ನಮಗೆ ಬೇರೆಯೇ ಒಪ್ಪಂದ. 2017ರ ಡಿಸೆಂಬರ್‌ನಲ್ಲಿ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗದ ಮೆಣಸು ತರಿಸುವಂತಿಲ್ಲ) ಬಂದಿದ್ದು ಆ ಗಲಾಟೆಯ ನಂತರವೇ. ಮೂಲ ದೇಶದ ಕಾಗದ ಬಿಗಿ ಮಾಡಿದರೆ ಪೀಣ್ಯದವರಿಗೆ ಕಿರಿಕಿರಿ, ಸಡಿಲ ಬಿಟ್ಟರೆ ನಮ್ಮ ಚೀಲದ ರೇಟು ಬೀಳುತ್ತದೆ. ನಾನಂತೂ ಬಿಗಿಯ ಪಕ್ಷ.

ಜಿಗಣಿಯಿಂದ ಮತ್ತೆ

ಸಕಲೇಶಪುರದವರ ಮಾತು ಒಪ್ಪಬೇಕು. ದೆಹಲಿಯವರೂ ಇದನ್ನೇ ಹೇಳುತ್ತಿರುವುದು. ನಾವು ಆಸಿಯಾನ್‌ನವರಿಗೆ ಮಾರುವುದಕ್ಕಿಂತ ಅವರಿಂದ ಕೊಳ್ಳುವುದು ಬಹಳ ಜಾಸ್ತಿ. ಅದಕ್ಕೇ 2023ರಲ್ಲಿ ಮರುಪರಿಶೀಲನೆಗೆ ಎರಡೂ ಕಡೆ ಒಪ್ಪಿ, 2025ರೊಳಗೆ ಮುಗಿಸುವ ಗುರಿ ಇಟ್ಟುಕೊಂಡಿದ್ದು. ರಕ್ಷಣೆ, ರಾಜತಂತ್ರದ ಕಡೆ ಗಾಡಿ ಬೇಗ ಓಡಿತು. 2022ರಲ್ಲಿ ಸಂಬಂಧವನ್ನು ಸಮಗ್ರ ಕಾರ್ಯತಂತ್ರ ಪಾಲುದಾರಿಕೆ ಮಟ್ಟಕ್ಕೆ ಏರಿಸಿದರು, 2024ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಕ್ಷಿಪಣಿ ಕೊಟ್ಟೂ ಆಯಿತು. ಸುಂಕದ ಪಟ್ಟಿ ಮಾತ್ರ ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ. 2019ರ ನವೆಂಬರ್‌ನಲ್ಲಿ ನಾವು ಆರ್‌ಸಿಇಪಿ ಎಂಬ ದೊಡ್ಡ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರಗೆ ಬಂದೆವು, ಆಸಿಯಾನ್ ದೇಶಗಳ ಜೊತೆ ಚೀನಾ ಒಳಗಿದೆ. ಹಾಗಾಗಿ ನಿಮ್ಮ ಫಿಟ್ಟಿಂಗಿಗೆ ಮಲೇಷ್ಯಾದಲ್ಲಿ ಸುಂಕ ಸೊನ್ನೆಯಾದರೂ ಚೀನಾದವರಿಗೂ ಸೊನ್ನೆ ಇರಬಹುದು. ರೇಟು ಕೊಡುವ ಮೊದಲು ಅದನ್ನೂ ನೋಡಿ.

ಪೀಣ್ಯದಿಂದ

ಎಲ್ಲರಿಗೂ ಥ್ಯಾಂಕ್ಸ್. ಕೋಡ್ ಬಗ್ಗೆ ಇಮೇಲ್ ಕಳಿಸಿದೆ. ಇನ್ನೊಂದು ಸಣ್ಣ ಪ್ರಶ್ನೆ. ಸಿಂಗಪುರದ ಹಣ ಕಳಿಸುವ ವ್ಯವಸ್ಥೆ ಪೇನೌ ನಮ್ಮ ಯುಪಿಐಗೆ ಜೋಡಣೆಯಾಗಿದೆಯಲ್ವಾ, ಅಡ್ವಾನ್ಸ್ ಅದರಲ್ಲೇ ತೆಗೆದುಕೊಳ್ಳಬಹುದಾ?

ವೈಟ್‌ಫೀಲ್ಡ್‌ನಿಂದ

ಬೇಡ. 2023ರಲ್ಲಿ ಶುರುವಾದ ಆ ವ್ಯವಸ್ಥೆ ಮನೆಯವರಿಗೆ, ಸ್ನೇಹಿತರಿಗೆ ಹಣ ಕಳಿಸುವುದಕ್ಕೆ. ರಫ್ತಿನ ಹಣ ಬ್ಯಾಂಕ್ ಮೂಲಕವೇ ಬರಲಿ, ಶಿಪ್ಪಿಂಗ್ ಬಿಲ್‌ಗೆ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಅದನ್ನು ಹೊಂದಿಸಿ ತೋರಿಸಬೇಕು. ಗಿರಾಕಿ ಹೊಸಬರಾದರೆ ಗಿರಾಕಿ ಹಣ ಕೊಡದಿದ್ದರೆ ನೆರವಾಗುವ ಸರ್ಕಾರಿ ಕಂಪನಿ ಇಸಿಜಿಸಿಯ ವಿಮೆ ವಿಚಾರಿಸಿ. ಆಮೇಲೆ ಫಾರಂ ಎಐ ಅರ್ಜಿ ಸಲ್ಲಿಸುವ ಮೊದಲು ಅದರ ಕರಡನ್ನು ಮಲೇಷ್ಯಾದ ಏಜೆಂಟಿಗೆ ಕಳಿಸಿ, ಓಕೆ ಅನ್ನಿಸಿಕೊಳ್ಳಿ. ಕಾಸ್ಟ್ ಶೀಟ್ ರೆಡಿ ಆದಾಗ ಹೇಳಿ, ನೋಡಿಕೊಡುತ್ತೇನೆ.