ಎರಿ ಹೊಲ ಸೋಲಾರ್‌ಗೆ ಲೀಸ್ ಕೊಟ್ರ ಮಣ್ಣಿಗೆ ಏನಾರ ಆಗ್ತೈತೇನ್ರಿ?

ಕುಷ್ಟಗಿ_ಮಂದಿ:
ನಮಸ್ಕಾರ್ರಿ. ನಮ್ದು ಎರಿ ಹೊಲ, ಮಳಿ ಆತಂದ್ರ ಹಿಂಗಾರಿ ಬಿಳಿಜೋಳ ಕಡ್ಲಿ, ಇಲ್ಲಂದ್ರ ಬೀಳು. ಸುತ್ತ ಗಾಳಿ ಫ್ಯಾನ್ ಆಗ್ಲೇ ನಿಂತಾವ, ಈಗ ಸೋಲಾರ್‌ನವ್ರು ಲೀಸಿಗೆ ಕೇಳಾಕತ್ತಾರ, ಅಪ್ಪ ಕೊಟ್ಟುಬಿಡೂಣು ಅಂತಾನ, ರೊಕ್ಕದ ಮಾತು ಬ್ಯಾರೆ ಬಿಡ್ರಿ, 25 ವರ್ಷ ಆದಮ್ಯಾಲೆ ಆ ನೆಲ ಬಿತ್ತಾಕ ಬರ್ತೈತೇನು? ಪ್ಲೇಟಿನ್ಯಾಗ ವಿಷ ಐತಿ, ಮಳಿನೂ ಓಡಿ ಹೋಗ್ತೈತಿ ಅಂತ ಕಟ್ಟಿಮ್ಯಾಲೆ ಕುಂತೋರು ಹೇಳ್ತಾರ.

ರಾಯಚೂರ್_ಬಿಸಲು:
ಮಳಿ ಓಡೂದು ಸುಳ್ಳ್ರಿ. ಸೋಲಾರ್ ಬ್ಯಾಡ ಅಂದ್ರ ಕಲ್ಲಿದ್ದಲ ಕರೆಂಟ್ ನೋಡ್ರಿ, ನಮ್ಕಡಿ ಶಕ್ತಿನಗರ, ಯರಮರಸ್, ಕುಡತಿನಿ ಮೂರೂ ಸ್ಥಾವರ ಸೇರಿ 5 ಸಾವಿರ ಮೆಗಾವ್ಯಾಟ್ ಕಲ್ಲಿದ್ದಲಿಂದ್ರಿ, ನಮ್ಮ ದೇಶದ ಕಲ್ಲಿದ್ದಲಿನ್ಯಾಗ ಹೆಚ್ಚುಕಮ್ಮಿ ಮೂರರಾಗ ಒಂದು ಪಾಲು ಬೂದಿನೇ. ಗಣಿಯಿಂದ ಗುಜರಿತನಕ ಲೆಕ್ಕ ಹಿಡಿದ್ರ ಒಂದು ಯೂನಿಟ್‌ಗೆ ಕಲ್ಲಿದ್ದಲು 820 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮ ಹೊಗಿ, ಸೋಲಾರ್ 48, ಗಾಳಿ 11, ವಿಶ್ವಸಂಸ್ಥೆಯ ಹವಾಮಾನ ತಂಡ ಐಪಿಸಿಸಿಯವ್ರ 2014ರ ಲೆಕ್ಕ. ಕೊಡ್ರಿ ಹೊಲ.

ಪ್ಲೇಟ್_ಫಿಟ್ಟರ್ (ಬಳ್ಳಾರಿ):
ಅಷ್ಟು ಸಲೀಸಾಗಿ ಕೊಡ್ರಿ ಅನ್ಬೇಡಣ್ಣ. ಈಗಿನ ಪ್ಲೇಟ್ ಬಹುತೇಕ ಸಿಲಿಕಾನ್, ತೂಕದಾಗೆ ಹೆಚ್ಚು ಪಾಲು ಗಾಜೇ, ಬೆಸುಗೆಗೆ ಚೂರು ಸೀಸ ಇರ್ತದೆ, ಒಡೆದಿದ್ದನ್ನ ತಂದು ಹೊಲದ ಮೂಲೆಗೆ ಒಟ್ಟದಿದ್ರೆ ಸಾಕು. 2022ರ ಇ-ತ್ಯಾಜ್ಯ ನಿಯಮಕ್ಕೆ ಇವೂ ಸೇರ್ಯಾವೆ, ಹೊಲದಾಗೆ ಬಿಟ್ಟೋಗಂಗಿಲ್ಲ. ಪೆಟ್ಟು ಬೀಳೋದು ಪ್ಲೇಟ್ ಬರೋಕೆ ಮುಂಚೆ. ಜೆಸಿಬಿ ತಂದು ಬದು ಕಿತ್ತು, ಬೇವು ಬನ್ನಿ ಉರುಳಿಸಿ, ಮೇಲ್ಮಣ್ಣು ಒಂದ್ಕಡೆ ಸರಿಸಿ ಮಟ್ಟ ಮಾಡ್ತಾರೆ, ಲಾರಿ ದಾರಿಗೆ ಮರಂ ಹೊಡೀತಾರೆ, ಎರೆ ನೆಲ ಹಸಿ ಇದ್ದಾಗ ಲಾರಿ ಓಡಾಡಿದ್ರೆ ಆಮೇಲೆ ಕುಂಟೆಗೂ ಬಗ್ಗಲ್ಲ. ತೊಳಿಯೋಕೆ ನೀರು ಎಲ್ಲಿಂದ ಅಂತನೂ ಕೇಳಿ, ನಿಮ್ಮ ಬೋರ್‌ನಿಂದನೇ ಆದ್ರೆ ಪಕ್ಕದೋರ ಬೋರ್‌ಗೂ ಹೊಡೆತ.

ಸಿರುಗುಪ್ಪ_ಹಕ್ಕಿ:
ತಂತಿ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ಕಡೆ ಎರೆಭೂತ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬೆರಳೆಣಿಕೆಯಷ್ಟು ಉಳಿದಾವೆ, ಗಂಡು ಹಕ್ಕಿ 10 ಕೆಜಿ ಮೇಲೆ ತೂಗ್ತತೆ, ಮುಂದಿಂದು ಸರಿಯಾಗಿ ಕಾಣಲ್ಲ, ಹೈಟೆನ್ಷನ್ ತಂತಿ ಕಂಡಾಗ ತಿರುಗೋಕೂ ಆಗಲ್ಲ. 2021ರಾಗೆ ಸುಪ್ರೀಂ ಕೋರ್ಟ್ ತಂತಿ ನೆಲದಾಗೆ ಹಾಕ್ರಿ ಅಂದಿದ್ದೂ ಈ ಹಕ್ಕಿಗೇ, ಅದೂ ರಾಜಸ್ಥಾನ ಗುಜರಾತಿಗೆ, 2024ರಾಗೆ ಅದನ್ನೂ ಸಡಿಲ ಮಾಡ್ತು. ಬೀಳು ಅಂತ ಕಾಗದದಾಗೆ ಬರ್ಕೊಳ್ಳೋ ನೆಲಾನೇ ಅದರ ಮನೆ ಮಾರಾಯ್ರೇ.

ಕುಷ್ಟಗಿ_ಮಂದಿ:
ಹಂಗಾರ ಒಡ್ಡು ಕೀಳಬಾರದು, ಹೋಗುವಾಗ ಕಾಂಕ್ರೀಟ್ ಎತ್ತಿಸಿಕೊಡಬೇಕು ಅಂತ ಕರಾರಿನ್ಯಾಗ ಬರಸ್ತೀನಿ. ಒಪ್ತಾರೇನ್ರಿ?

ಪ್ಲೇಟ್_ಫಿಟ್ಟರ್ (ಬಳ್ಳಾರಿ):
ಒಪ್ಪೋರೂ ಅದಾರೆ. ಮೊದ್ಲು ಕಂಬ ನೇರ ನೆಲಕ್ಕೆ ಹೊಡೀತಾರೋ ಕಾಂಕ್ರೀಟ್ ಹಾಕ್ತಾರೋ ಕೇಳಿ. ಎರೆಮಣ್ಣು ಉಬ್ಬಿ ಕುಗ್ತದೆ ಅಂತ ಕಾಂಕ್ರೀಟೇ ಅಂದ್ರೆ, ಎಷ್ಟು ಗುಂಡಿ, ಎಷ್ಟು ಅಡಿ ಆಳ, ತೆಗೆಯೋ ಖರ್ಚು ಯಾರ್ದು, ಎಲ್ಲಾ ಬರೆಸಿಕೊಂಡೇ ಅಪ್ಪಾರ ಸೈನ್ ಹಾಕ್ಸಿ.